ಇಳಿದರೆ ಒಳ್ಳೆಯದು

ಜೂನ್ 9, ಸೋಮವಾರ. ನಂಜನಗೂಡು

ಬೆಳಗ್ಗೆ ಅಕ್ಕ ಎಡಗೈಯಲ್ಲಿ ಮಾತ್ರೆ ಅರೆಯುತ್ತಿದ್ದಳು. ಅಕ್ಕ ಎಡಚಿಯಲ್ಲ.

ಎರಡು ಚಮಚಗಳ ನಡುವೆ ಕಾಲು ಮಾತ್ರೆ ಇಟ್ಟು ಒತ್ತುತ್ತಾಳೆ. ದಿನಕ್ಕೆ ಮೂರು ಸಲ. ಪುಡಿಗೆ ಒಂದಿಷ್ಟು ನೀರು, ಸೂಜಿ ಇಲ್ಲದ ಸಿರಿಂಜು, ಮಗುವಿನ ಕೆನ್ನೆಯ ಒಳಗೆ. ಇವತ್ತು ಅರ್ಧ ಪುಡಿ ನೆಲಕ್ಕೆ ಹೋಯಿತು. ಇನ್ನೊಂದು ಚೂರು ಮುರಿದಳು. ಬಲಗೈ ಮಡಿಲಲ್ಲೇ ಇತ್ತು. ನಾನು ನೋಡುತ್ತಿರುವುದು ತಿಳಿದು ತಾನೇ ಹೇಳಿದಳು, "ಹಸ ಒದೀತು ಕಣೆ, ತೇಜು."

ಒದ್ದಿರಬಹುದು. ಗಂಡನ ಮನೆಯಲ್ಲಿ ಆರು ಹಸು; ಬಾಣಂತನಕ್ಕೆ ಇಲ್ಲಿದ್ದರೂ ಮೊನ್ನೆ ಎರಡು ದಿನ ಅಲ್ಲಿಗೆ ಹೋಗಿಬಂದಳು. ಆದರೆ ತೋಳಿನ ಒಳಬದಿಯಲ್ಲಿ ನಾಲ್ಕು ಕಲೆ, ಹೊರಬದಿಯಲ್ಲಿ ಒಂದು. ಹಸುವಿಗೆ ಹೆಬ್ಬೆರಳಿಲ್ಲ.

ಕೇಳಲಿಲ್ಲ. ಎಂ.ಎ. ವೈವಾದಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಕೂತವಳು ನಾನು. ಅಕ್ಕನನ್ನು ಏನು ಕೇಳುತ್ತೇನೆ.

ಮಗುವಿಗೆ ಈಗ ಐದು ತಿಂಗಳು. ಹುಟ್ಟಿದಾಗ ನೋಡಿದವರೆಲ್ಲ ಗಂಡು ಅಂದರು. ಹೊರಗಿನಿಂದ ಹಾಗೇ ಕಾಣುತ್ತಿತ್ತು. ರವಿ ಭಾವ ಊರಿನ ಸರ್ಕಲ್‌ನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ — 'ಜೂನಿಯರ್ ರವಿಗೆ ಸ್ವಾಗತ'. ಕೆಳಗೆ ಗೆಳೆಯರ ಫೋಟೊ, ಎಲ್ಲರಿಗೂ ಕೂಲಿಂಗ್ ಗ್ಲಾಸು. ಎರಡನೇ ವಾರ ಮಗು ಕುಡಿದದ್ದೆಲ್ಲ ಕಕ್ಕಿ ಒಣಗಿಹೋಯಿತು. ಮೈಸೂರು, ಐಸಿಯು. ಅಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನು, ಮತ್ತೆ ರಕ್ತ. ಡಾಕ್ಟರ್ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದರು. ಇದು ಹೆಣ್ಣುಮಗು. ಒಳಗೆ ಗರ್ಭಕೋಶ ಇದೆ. ಹುಟ್ಟಿನಿಂದಲೇ ಬಂದ ಹಾರ್ಮೋನಿನ ತೊಂದರೆ. ಮಾತ್ರೆ ಒಂದು ದಿನವೂ ನಿಲ್ಲಿಸಬಾರದು, ಹಾಲಿನ ಜೊತೆ ಚೂರು ಉಪ್ಪು ಕೊಡಬೇಕು, ಆಗಾಗ ರಕ್ತ ನೋಡಬೇಕು.

ಆ ಪರೀಕ್ಷೆಯ ಉದ್ದ ಹೆಸರು ಹದಿನೇಳು ಎಂಬ ಅಂಕಿಯಿಂದ ಶುರುವಾಗುತ್ತದೆ. ಉಳಿದದ್ದು ಯಾರ ಬಾಯಿಗೂ ಬರಲಿಲ್ಲ. ಎರಡೂ ಮನೆಯಲ್ಲಿ ಅದಕ್ಕೆ ಬರೀ 'ಹದಿನೇಳು' ಅನ್ನುತ್ತಾರೆ. ನಾಳೆ ಹದಿನೇಳು.

ಅಕ್ಕ ಮಗುವನ್ನು ಚುಕ್ಕಿ ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಮಾತ್ರ.

ಜೂನ್ 10, ಮಂಗಳವಾರ. ಸಂಜೆ

ಬೆಳಗಿನ ಮಾತ್ರೆಗೆ ಮುಂಚೆಯೇ ರಕ್ತ ತೆಗೆಯಬೇಕು. ಹಾಗಾಗಿ ಮೊದಲ ಬಸ್ಸು. ಅಪ್ಪ, ಅಕ್ಕ, ಮಗು, ನಾನು. ರವಿ ಭಾವ ತಿ. ನರಸೀಪುರ ಕಡೆಯಿಂದ ಬೈಕಿನಲ್ಲಿ ಬಂದ.

ನರ ಸಿಗಲಿಲ್ಲ. ಮೊಣಕೈ, ಅಂಗೈ ಹಿಂಭಾಗ, ಪಾದ. ಒಬ್ಬಳು ಕಾಲು ಹಿಡಿದಳು, ಇನ್ನೊಬ್ಬಳು ತಲೆ. ಸೂಜಿ ಚರ್ಮದೊಳಗೆ ನರ ಹುಡುಕುತ್ತ ಆಕಡೆ ಈಕಡೆ ತಿರುಗುವುದು ಹೊರಗಿನಿಂದಲೇ ಕಾಣುತ್ತಿತ್ತು. ಮಗುವಿನ ಅಳು ನಿಂತು ಬಾಯಿ ಮಾತ್ರ ತೆರೆದುಕೊಂಡಿತ್ತು. ಅಕ್ಕ ಕಣ್ಣು ಮುಚ್ಚಲಿಲ್ಲ.

ಡಾಕ್ಟರ್ ಮೇಡಂ ಮತ್ತೆ ವಿವರಿಸಿದರು. ಕಿಡ್ನಿಯ ಮೇಲಿರುವ ಗ್ರಂಥಿ ಮೈಗೆ ಬೇಕಾದ ಒಂದು ರಸವನ್ನು ತಯಾರಿಸಲಾರದು. ಅದಕ್ಕಾಗಿ ಬಂದ ಸರಕು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದು ಎಷ್ಟು ಅಂತ ಅಳೆಯುವುದೇ ಹದಿನೇಳು. ಹೆಚ್ಚಾದದ್ದು ಗಂಡು ಹಾರ್ಮೋನಾಗಿ ಹರಿದುಬಿಡುತ್ತದೆ.

ಅಪ್ಪ ಕಬಿನಿ ನಾಲೆಯ ನೀರಗಂಟಿ. ಮೂವತ್ತು ವರ್ಷ ತೂಬು ತೆಗೆದು ಮುಚ್ಚಿದವರು. "ಗೊತ್ತಾಯ್ತು ಬುಡಿ ಮೇಡಂ. ತೂಬು ಕೆಟ್ಟದೆ. ನಮ್ ಗದ್ದೆಗೆ ಬರ್ಬೇಕಾದ್ ನೀರು ಏರಿ ಮೇಲ್ಹಾದು ಪಕ್ಕದ್ ಗದ್ದೆಗೆ ನುಗ್ತಾ ಅದೆ. ನಮ್ದು ಒಣಗ್ತದೆ, ಅದು ಕೊಳೀತದೆ."

ಮೇಡಂ ಪೆನ್ನು ಕೆಳಗಿಟ್ಟರು. "ಇನ್ಮೇಲೆ ನಾನೂ ಹೀಗೇ ಹೇಳ್ತೀನಿ ಪುಟ್ಟರಾಜು ಅವರೇ."

ಅಪ್ಪನಿಗೆ ನಾಚಿಕೆ, ಸಂತೋಷ ಎರಡೂ ಆಯಿತು.

ರವಿ ಭಾವ ಕೇಳಿದ್ದು ಬೇರೆ. "ಗಂಡ್ ಹಾರ್ಮೋನು ಈಗ್ಲೂ ಅದಾ ಮೇಡಂ, ಮೈಯಾಗೆ?"

"ಇದೆ. ಹದಿನೇಳು ಏರಿದ್ರೆ ಅದೂ ಏರುತ್ತೆ. ಮಾತ್ರೆ ಕೊಟ್ರೆ ಎರಡೂ ಇಳಿಯುತ್ತೆ. ಇಳಿದ್ರೆ ಒಳ್ಳೇದು."

"ಮಾತ್ರೆ ಕೊಟ್ರೆ ಇಳೀತದೆ."

"ಹೌದು."

ತಲೆಯಾಡಿಸಿದ. ಅರ್ಥವಾಯಿತು ಅಂದುಕೊಂಡೆ.

ಆಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು. ಇದು ತಂದೆ ತಾಯಿ ಇಬ್ಬರಿಂದಲೂ ಬರಬೇಕು, ಒಬ್ಬರಿಂದ ಬರುವುದಿಲ್ಲ. ಸಂಬಂಧದಲ್ಲೇ ಮದುವೆಯಾದರೆ ಇಬ್ಬರಲ್ಲೂ ಇರುವುದು ಹೆಚ್ಚು. ರವಿ ಭಾವ ಅಪ್ಪನ ಸ್ವಂತ ಅಕ್ಕ ಸಾಕಮ್ಮತ್ತೆಯ ಮಗ.

ಹೊರಗೆ ಬಂದು ಭಾವ ಬೈಕಿನ ಕನ್ನಡಿಗೆ ಗುದ್ದಿದ. ಗಾಜು ಬೆರಳಿನ ಗಂಟಿಗೆ ಹೊಕ್ಕಿತು. ಹಲ್ಲಿನಿಂದ ಎಳೆದು ಉಗಿದ. ಅಕ್ಕನ ಸೆರಗು ಎಳೆದುಕೊಂಡು ಕೈ ಒರೆಸಿಕೊಂಡ, ಒರೆಸುವ ಬಟ್ಟೆ ಹಾಗೆ. ಅಕ್ಕ ಮಗು ಎತ್ತಿಕೊಂಡು ಅವನು ಮುಗಿಸುವವರೆಗೂ ನಿಂತಿದ್ದಳು.

ಜೂನ್ 14, ಶನಿವಾರ

ರಿಪೋರ್ಟ್ ಮೊಬೈಲಿಗೆ ಬಂತು. ಒಂಬತ್ತು. ಏಪ್ರಿಲ್‌ನಲ್ಲಿ ನಲವತ್ತೆಂಟು. ಮೊದಲ ಸಲ ಇನ್ನೂರರ ಮೇಲೆ. ಓದುವ ಕೆಲಸ ನನ್ನದು, ಎರಡೂ ಮನೆಗೆ. ಅಕ್ಕನಿಗೆ ಹೇಳಿದೆ. ಮಗುವಿನ ಹೊಟ್ಟೆಗೆ ಮುಖ ಒತ್ತಿ ಊದಿದಳು. ಚುಕ್ಕಿ ಕಿಲಕಿಲ ಅಂದಿತು. ಅಮ್ಮ ರವೆ ಹುರಿದಳು.

ಭಾವನಿಗೆ ನಾನೇ ಫೋನ್ ಮಾಡಿದೆ. ನಾನಾಗಿ ಯಾರಿಗೂ ಮಾಡುವವಳಲ್ಲ. ಖುಷಿಯಲ್ಲಿ ಮಾಡಿಬಿಟ್ಟೆ.

"ಭಾವ, ಒಂಬತ್ತು. ಪೂರಾ ಕಮ್ಮಿ ಆಗಿದೆ."

ಆಕಡೆ ಹಸುವಿನ ಕೊರಳ ಗಂಟೆಯ ಸದ್ದು.

"ಒಂಬತ್ತಾ."

"ಹೂಂ. ಮೇಡಂ ವೆರಿ ಗುಡ್ ಅಂತ ಕಳಿಸಿದ್ದಾರೆ."

"ನಾಳೀಕ್ ಬತ್ತೀನಿ. ಬಟ್ಟೆ ಬರೆ ಜೋಡಿಸ್ಕಳಕ್ ಏಳು ನಿಮ್ಮಕ್ಕಂಗೆ."

ಜೂನ್ 15, ಭಾನುವಾರ

ಭಾವ ಬಾಡಿಗೆ ಕಾರು ತಂದಿದ್ದ. ಅಕ್ಕ ಇನ್ನೊಂದು ತಿಂಗಳು ಇರುತ್ತೇನೆ ಅಂದಳು. ಅಪ್ಪ ಬೀಗರ ಮುಂದೆ ಮಾತಾಡುವ ಹಾಗೆ ಮಾತಾಡಲಿಲ್ಲ, ತಮ್ಮ ಅಕ್ಕನ ಮಗನ ಮುಂದೆ ಮಾತಾಡುವ ಹಾಗೆ ಆಡಿದರು. "ನಮ್ಮಕ್ಕನ್ ಅಟ್ಟಿ ಕಣಮ್ಮ ಅದು. ಬ್ಯಾರೆಯೋರ್ ಮನೇನಾ? ಕಣ್ಣಿಗ್ ಎಣ್ಣೆ ಬುಟ್ಕಂಡ್ ನೋಡ್ಕತರೆ."

ನೋಡಿಕೊಂಡದ್ದರ ಗುರುತು ಅಕ್ಕನ ತೋಳಿನಲ್ಲಿ ಹಳದಿಗೆ ತಿರುಗುತ್ತಿತ್ತು. ಅಪ್ಪ ಅದನ್ನು ನೋಡಿದರು. ನೋಡಿ ಕಾರಿನ ಡಿಕ್ಕಿ ಮುಚ್ಚಲು ಹೋದರು.

ನನ್ನನ್ನೂ ಕಳಿಸಿದರು, ಮಾತ್ರೆ ಕೊಡಲು ಒಂದು ಕೈ ಇರಲಿ ಅಂತ. ಎರಡು ಡಬ್ಬಿ ಹಾಲಿನ ಪುಡಿ, ಮಾತ್ರೆಯ ಪಟ್ಟಿಗಳು, ಉಪ್ಪಿನ ಪುಟ್ಟ ಡಬ್ಬಿ.

ಜೂನ್ 18, ಬುಧವಾರ. ಅತ್ತೆಯ ಊರು

ಮುಡುಕುತೊರೆ ದಾಟಿ ಒಳಗೆ ನಾಲ್ಕು ಮೈಲಿ. ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಗೇ ಇದೆ. ಬಿಸಿಲಿಗೆ ಗೆಳೆಯರೆಲ್ಲ ನೀಲಿಯಾಗಿದ್ದಾರೆ.

ಬಂದ ದಿನವೇ ಸಾಕಮ್ಮತ್ತೆ ಪುಡಿಯ ಡಬ್ಬಿಗಳನ್ನು ಅಟ್ಟಕ್ಕೆ ಎಸೆದಳು. "ಆರ್ ಅಸ ಕಟ್ಕಂಡು ಡಬ್ಬಿ ಆಲು ಕುಡುಸ್ತಾರಂತೆ. ನಗ್ತರೆ ಕಣಮ್ಮಿ ಡೈರೀಲಿ." ಅಂದಿನಿಂದ ಮಗುವಿಗೆ ಕೊಟ್ಟಿಗೆಯ ಹಾಲು. ಅಕ್ಕ ಅದಕ್ಕೇ ಉಪ್ಪು ಬೆರೆಸುತ್ತಿದ್ದಳು, ಅತ್ತೆ ಹಾಲು ಕರೆಯಲು ಹೋದಾಗ. ಇವತ್ತು ಅತ್ತೆ ಬೇಗ ಬಂದಳು.

ಈ ಮನೆಯಲ್ಲಿ ಹಾಲಿಗೆ ಉಪ್ಪು ಬೀಳಬಾರದು. ಬಿದ್ದರೆ ಆ ಹಾಲು ಕೊಟ್ಟ ಹಸುವಿನ ಕೆಚ್ಚಲು ಬತ್ತುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಒಂದು ಗೋಡೆಗೆ, ಹಾಲಿನ ಪಾತ್ರೆ ಎದುರು ಗೋಡೆಗೆ. ಅತ್ತೆ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದಳು.

"ಆಲ್ಗೆ ಉಪ್ಪಾಕಿದ್ದೀಯೇನೇ, ಮುಂಡೆ."

"ಡಾಕ್ಟ್ರೇ ಏಳವ್ರೆ ಅತ್ತೆ. ಉಪ್ಪಿಲ್ದಿದ್ರೆ ಮಗು ಉಳಿಯಕಿಲ್ಲ."

"ಡಾಕ್ಟ್ರು ಅಸ ಕಟ್ಟವ್ರಾ?"

ಒಲೆಯ ಮೇಲಿನ ಹಾಲು ಉಕ್ಕಲು ಬಂದಿತ್ತು. ಇಕ್ಕಳದಿಂದ ಪಾತ್ರೆ ಎತ್ತಿ ಅಕ್ಕನ ಪಾದಗಳ ಮೇಲೆ ಸುರಿದಳು. ಚೆಲ್ಲಿದ್ದಲ್ಲ. ಸುರಿದದ್ದು, ನೀರು ಹೊಯ್ಯುವ ಹಾಗೆ, ಒಂದಾದ ಮೇಲೆ ಇನ್ನೊಂದು ಪಾದಕ್ಕೆ. ಅಕ್ಕ ಕಿರುಚುವಾಗಲೂ ಮಗುವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ನಾನು ಮಗುವನ್ನು ತೆಗೆದುಕೊಂಡೆ. ಅಷ್ಟೇ ನಾನು ಮಾಡಿದ್ದು.

ಪಾದದ ಮೇಲಿನ ಚರ್ಮ ಹಾಲಿನ ಕೆನೆಯ ಹಾಗೆ ಸರಿದುಬಂತು. ಹೋಲಿಕೆ ತಾನಾಗಿ ಬರುತ್ತದೆ. ಬರೆಯಬಾರದಿತ್ತು.

ಅತ್ತೆ ಅಳುತ್ತ ಕೊಟ್ಟಿಗೆಗೆ ಹೋಗಿ ಹಸುವಿನ ಕೆಚ್ಚಲು ಮುಟ್ಟಿ ಮುಟ್ಟಿ ಕ್ಷಮೆ ಕೇಳಿದಳು.

ಜೂನ್ 20, ಶುಕ್ರವಾರ

ಅಕ್ಷರ ನನ್ನದಲ್ಲದ ಹಾಗೆ ಇದೆ.

ಮಧ್ಯಾಹ್ನ ಮಾತ್ರೆಯ ಹೊತ್ತು. ಪಟ್ಟಿಗಳು ಇಟ್ಟ ಜಾಗದಲ್ಲಿ ಇರಲಿಲ್ಲ. ಭಾವ ಜಗಲಿಯಲ್ಲಿ ಕೂತು ಉಗುರಿನಿಂದ ಒಂದೊಂದೇ ಮಾತ್ರೆ ಹೊರಗೆ ಒತ್ತಿ ತಿಪ್ಪೆಯ ಕಡೆ ಎಸೆಯುತ್ತಿದ್ದ. ಕಡಲೇಕಾಯಿ ಬಿಡಿಸುವಷ್ಟು ನಿಧಾನ.

ಅಕ್ಕ ಓಡಿದಳು. ಸುಟ್ಟ ಕಾಲಿನಲ್ಲೇ.

"ಕೂತ್ಕ" ಅಂದ ಭಾವ. ಕೂಗಲಿಲ್ಲ. "ತೇಜು, ನೀನೂ ಕೇಳು. ನೀನೇ ಅಲ್ವಾ ನಗ್ನಗ್ತಾ ಏಳ್ದೋಳು, ಒಂಬತ್ತಕ್ ಇಳಿದದೆ ಅಂತ. ಮೊದ್ಲು ಇನ್ನೂರಿತ್ತು. ಇನ್ನೂರಿದ್ದಾಗ ನನ್ ಮಗ ಗಂಡಾಗಿದ್ದ. ಊರೆಲ್ಲ ನೋಡವ್ರೆ. ಈ ಮಾತ್ರೆ ಕೊಟ್ಟು ಕೊಟ್ಟು ನನ್ ಮಗನ್ ಮೈಯಿಂದ ಗಂಡ್ಸ್ತನ ಇಳಿಸ್ತಾ ಅವ್ರೆ."

"ಭಾವ, ಹಾಗಲ್ಲ..."

"ಆಗಲ್ದೆ? ಮಾತ್ರೆ ಕೊಟ್ರೆ ಇಳೀತದೆ. ಡಾಕ್ಟ್ರು ಬಾಯಲ್ಲೇ ಬಂತಲ್ಲ. ಬುಟ್ರೆ ಏರ್ತದೆ. ಏರ್ಲಿ."

ಈಗ ಅರ್ಥವಾಯಿತು. ಮೇಡಂ ಹೇಳಿದ್ದನ್ನೆಲ್ಲ ಸರಿಯಾಗಿಯೇ ಕೇಳಿಸಿಕೊಂಡಿದ್ದ. ಏಣಿಯ ತುದಿ ಯಾವುದು, ಬುಡ ಯಾವುದು ಅನ್ನುವುದನ್ನು ಮಾತ್ರ ತಿರುಗಿಸಿ ಇಟ್ಟುಕೊಂಡಿದ್ದ. ಆ ಫೋನ್ ಮಾಡಿದವಳು ನಾನು.

ಅಕ್ಕ ತಿಪ್ಪೆಗೆ ಇಳಿದಿದ್ದಳು. ಸಗಣಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಬಿಳಿ ಚೂರು ಹುಡುಕುತ್ತಿದ್ದಳು. ಭಾವ ಹಿಂದಿನಿಂದ ಹೋಗಿ ಜಡೆ ಹಿಡಿದು ಎಳೆದ. ಅಕ್ಕ ತಿರುಗಿ ಸಗಣಿಯ ಕೈಯಲ್ಲೇ ಅವನ ಮುಖಕ್ಕೆ ಹೊಡೆದಳು. ಅದು ಅವಳು ಜೀವನದಲ್ಲಿ ಕೊಟ್ಟ ಮೊದಲ ಏಟು ಇರಬೇಕು. ಭಾವ ಸಗಣಿ ಎಳೆಯುವ ಸನಿಕೆ ತೆಗೆದುಕೊಂಡ. ತಲೆಯ ಮೇಲೆ ಬೀಳಬೇಕಾದ್ದನ್ನು ಅಕ್ಕ ಬಲಗೈ ಅಡ್ಡ ತಂದು ತಡೆದಳು. ಹಿಡಿಯ ಮರ ಮೂಳೆಗೆ ತಾಗಿದ ಸದ್ದು ಹಸಿ ಕಬ್ಬು ಮುರಿದಂತೆ. ಎರಡನೆಯದು ಬೆನ್ನಿಗೆ. ಮೂರನೆಯದು ಎಲ್ಲಿಗೆ ಅಂತ ನೋಡಲಿಲ್ಲ. ಮಗುವಿನ ಕಿವಿ ಮುಚ್ಚಿ ಗೋಡೆಯ ಕಡೆ ತಿರುಗಿದ್ದೆ.

ಫೋನುಗಳನ್ನು ಕಿತ್ತುಕೊಂಡ. ಗೇಟಿಗೆ ಬೀಗ. ಮೂಳೆ ಕಟ್ಟುವವನು ಬಂದು ಬಿದಿರ ಪಟ್ಟಿ, ಮೊಟ್ಟೆಯ ಬಿಳಿ ಹಾಕಿ ಕಟ್ಟಿದ. "ಯಂಗಾಯ್ತವ್ವ?" ಅಂದ. "ಕೊಟ್ಟಿಗೇಲಿ ಜಾರುದ್ಲು" ಅಂದಳು ಅತ್ತೆ. ಅವನು ಅಕ್ಕನ ಕತ್ತಿನ ಮೇಲಿನ ಗೀರು ನೋಡಿದ, ಕಟ್ಟು ಬಿಗಿ ಮಾಡಿದ, ಕಾಫಿ ಕುಡಿದು ಹೋದ.

ಸಂಜೆಯ ಮಾತ್ರೆ ಇಲ್ಲ.

ಜೂನ್ 24, ಮಂಗಳವಾರ. ಮೈಸೂರು, ಆಸ್ಪತ್ರೆ

ಮಗು ಬದುಕಿದೆ. ಮೊದಲು ಅದನ್ನು ಬರೆಯುತ್ತೇನೆ.

ಶನಿವಾರ ಚೆನ್ನಾಗೇ ಇತ್ತು. ಭಾವ ಎತ್ತಿಕೊಂಡು ಅಂಗಳದಲ್ಲಿ ಓಡಾಡಿಸಿದ, "ನೋಡವ್ವ, ಏನೂ ಆಗ್ನಿಲ್ಲ" ಅಂತ ಅತ್ತೆಗೆ ತೋರಿಸಿದ. ಮುದ್ದು ಮಾಡುವುದನ್ನು ನೋಡಿದರೆ ಯಾರೂ ನಂಬರು. ಭಾನುವಾರ ಹಾಲು ಕಕ್ಕಿತು. ಅತ್ತೆ ದೃಷ್ಟಿ ತೆಗೆದಳು. ಅಕ್ಕ ಭಾವನ ಕಾಲು ಹಿಡಿದಳು, ಒಂದು ಕೈಯಲ್ಲಿ. ನಾನು ಹೇಳಿದೆ, ಬೇಡಿಕೊಂಡೆ, ನನ್ನ ದನಿ ಎಷ್ಟು ಸಣ್ಣದಿತ್ತು ಅಂದರೆ ಅವನು "ಏನು?" ಅಂತ ಕೇಳಿದ. ಮತ್ತೆ ಹೇಳಲಾಗಲಿಲ್ಲ.

ಸೋಮವಾರ ಬೆಳಗ್ಗೆ ಚುಕ್ಕಿ ಅಳಲಿಲ್ಲ. ತುಟಿ ಬೂದಿ. ಎತ್ತಿದರೆ ತಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಭಾವ ಡೈರಿಗೆ ಕ್ಯಾನು ಒಯ್ದಿದ್ದ, ಗೇಟು ತೆರೆದಿತ್ತು. ಅತ್ತೆ ಹಸುವಿನ ಕೆಳಗೆ ಕೂತಿದ್ದಳು. ಮಗುವನ್ನು ಅವಚಿಕೊಂಡು ಓಡಿದೆ. ಹಿಂದೆ ಅಕ್ಕ.

ಆ ಹೊತ್ತಿಗೆ ಊರಿಗೆ ಬರುವ ಒಂದೇ ಗಾಡಿ ಹಾಲಿನ ವ್ಯಾನು. ಡೈರಿಯ ಮುಂದೆ ಸಾಲು. ಊರಿಗೆ ಊರೇ ಕ್ಯಾನು ಹಿಡಿದು ನಿಂತಿತ್ತು, ಭಾವನೂ. ನನ್ನ ಜಡೆ ಹಿಡಿದ. ಕತ್ತು ಹಿಂದಕ್ಕೆ ಬಾಗಿತು, ಜಾರಿದ ಮಗುವನ್ನು ಒಂದು ತೋಳಿನಲ್ಲಿ ಅವಚಿಕೊಂಡೆ. ಅವನ ಕೈ ಬಾಯಿಗೆ ಸಿಕ್ಕಿತು. ಕಚ್ಚಿದೆ. ಹಲ್ಲಿಗೆ ಏನೋ ಗಟ್ಟಿ ತಾಗುವವರೆಗೆ ಕಚ್ಚಿದೆ. ಅವನ ರಕ್ತ ಉಪ್ಪು ಉಪ್ಪಾಗಿತ್ತು. ಇನ್ನೊಂದು ಕೈಯಿಂದ ಕಿವಿಯ ಮೇಲೆ ಹೊಡೆದ. ಬಿಡಲಿಲ್ಲ.

"ಸಾಯ್ತಾ ಇದೆ" ಅಂತ ಕೂಗಿದವಳು ನಾನೇ. ಆಮೇಲೆ ಅಕ್ಕ ಹೇಳಿದಳು. ನನಗೆ ಕೇಳಿಸಿರಲಿಲ್ಲ.

ವ್ಯಾನ್ ಡ್ರೈವರ್ ಚಿಕ್ಕಸ್ವಾಮಿ ಇಳಿದು ಬಂದು ಮಗುವಿನ ಕಾಲು ಮುಟ್ಟಿದ. "ಲೋ ರವಿ, ಕೂಸು ತಣ್ಗಾಗದೆ ಕಣ್ಲಾ. ಬುಡ್ಲಾ ಆ ಯೆಣ್ಮಗಿನ್ ಜಡೆಯ."

"ನಮ್ಮನೆ ಇಸ್ಯ. ನೀನ್ ಆಲ್ ತುಂಬ್ಕಂಡ್ ಓಗು."

"ಆಲ್ ಜತೀಲಿ ಇವ್ರ್ನೂ ತುಂಬ್ಕತೀನಿ. ಅದೇನ್ ಕಿತ್ಕತೀಯೋ ಕಿತ್ಕ."

ಭಾವ ಅವನ ಎದೆಗೆ ಒದ್ದ. ಚಿಕ್ಕಸ್ವಾಮಿ ಕ್ಯಾನಿನ ಮುಚ್ಚಳದಲ್ಲಿ ಅವನ ಮುಖಕ್ಕೆ ಕೊಟ್ಟ. ಹುಬ್ಬು ಸೀಳಿತು. ಕ್ಯಾನುಗಳು ಉರುಳಿ ರಸ್ತೆ ತುಂಬ ಹಾಲು, ಅದರ ಮೇಲೆ ಕೆಂಪು ಹನಿ. ಸಾಲಿನಲ್ಲಿದ್ದವರು ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಹಿಂದೆ ಸರಿದರು. ಒಬ್ಬರೂ ಬಿಡಿಸಲಿಲ್ಲ. ಅಷ್ಟರಲ್ಲಿ ನಾವು ವ್ಯಾನಿನಲ್ಲಿದ್ದೆವು.

ತಿ. ನರಸೀಪುರದ ಆಸ್ಪತ್ರೆಯಲ್ಲಿ ನರ ಒಂದೂ ಸಿಗಲಿಲ್ಲ. ಮೊಣಕಾಲಿನ ಕೆಳಗೆ ಮೂಳೆಗೇ ಸೂಜಿ ತಿರುಗಿಸಿದರು, ತಿರುಪು ಬಿಗಿಯುವ ಹಾಗೆ. ಡ್ಯೂಟಿ ಡಾಕ್ಟರ್ ಮೈಸೂರಿನ ಮೇಡಂಗೆ ಫೋನ್ ಮಾಡಿ ಕೇಳಿ, ಮೊದಲು ರಕ್ತ ತೆಗೆದು ಆಮೇಲೆ ಇಂಜೆಕ್ಷನ್ ಕೊಟ್ಟರು. ಆ ಟ್ಯೂಬನ್ನು ಆಂಬುಲೆನ್ಸ್‌ನಲ್ಲಿ ನನ್ನ ಕೈಗೇ ಕೊಟ್ಟರು. ಅಂಗೈಯಲ್ಲಿ ಬೆಚ್ಚಗಿತ್ತು, ಮಗುವಿಗಿಂತ.

ಅಕ್ಕನ ಕೈಗೆ ಇಲ್ಲಿ ಪ್ಲಾಸ್ಟರ್. ನನ್ನ ಎಡಕಿವಿಯಲ್ಲಿ ಗುಂಯ್ ಅನ್ನುವುದು ನಿಂತಿಲ್ಲ.

ಜೂನ್ 26, ಗುರುವಾರ

ಆ ಟ್ಯೂಬಿನ ಹದಿನೇಳು ಬಂತು. ಯಂತ್ರ ಅಳೆಯಬಲ್ಲ ಮಿತಿಯನ್ನೂ ದಾಟಿದೆ.

ಭಾವ ವಾರ್ಡಿಗೆ ಬಂದ. ಹುಬ್ಬಿಗೆ ಹೊಲಿಗೆ, ಕೈಗೆ ಬ್ಯಾಂಡೇಜು. ಮೇಡಂ ಕೈಯಲ್ಲಿದ್ದ ಹಾಳೆಗೆ ಇಣುಕಿದ. "ಎಷ್ಟ್ ಅದೆ ಮೇಡಂ?"

"ಇನ್ನೂರೈವತ್ತಕ್ಕಿಂತ ಜಾಸ್ತಿ."

ನಕ್ಕ. ಪರೀಕ್ಷೆ ಪಾಸಾದ ಹುಡುಗನ ಹಾಗೆ. ತಲೆಯ ಮೇಲೆ ಎರಡು ಡ್ರಿಪ್ ಬಾಟಲಿ ನೇತಾಡುತ್ತಿದ್ದ ಮಗುವಿನ ಕಡೆ ನೋಡಿ, "ಏರ್ತಲ್ಲ ಮಗನೆ" ಅಂದ.

ಮೇಡಂ ಹಾಳೆಯನ್ನು ಅವನ ಕಡೆ ತಿರುಗಿಸಿ ಹಿಡಿದರು. "ನಿಮ್ಮ ಮಗು ಸತ್ತು ವಾಪಸ್ ಬಂದಿದೆ. ಈ ನಂಬರ್ ಇದೆಯಲ್ಲ, ಇದು ಮಗುವಿಗೆ ಮಾತ್ರೆ ಕೊಟ್ಟಿಲ್ಲ ಅಂತ ಹೇಳ್ತಿದೆ. ಎಷ್ಟು 'ಏರಿದ್ರೂ' ಅವಳು ಹುಡುಗ ಆಗಲ್ಲ. ಹೆಣ ಆಗ್ತಾಳೆ."

"ಕೊಟ್ಟಿದೀವಿ ಮೇಡಂ. ಕಕ್ಕಬುಡ್ತದೆ ಅದು" ಅಂದಳು ಅತ್ತೆ.

ಮೇಡಂ ಪೊಲೀಸರಿಗೆ ತಿಳಿಸಿದ್ದರು. ಮಧ್ಯಾಹ್ನ ಹೆಂಗಸು ಕಾನ್‌ಸ್ಟೇಬಲ್ ಬಂದರು. ಕೆಳಗೆ ಲ್ಯಾಬಿನ ಪಕ್ಕ ಆಸ್ಪತ್ರೆಯ ಔಟ್‌ಪೋಸ್ಟ್ ಇದೆ, ಅಲ್ಲಿಯವರು. ಕೈ ಹೇಗೆ ಮುರಿಯಿತು? ಅಕ್ಕ, "ಕೊಟ್ಟಿಗೇಲಿ ಜಾರಿದೆ." ಅತ್ತೆ, ಹಾಗೇ. ಮಾತ್ರೆ ಕೊಡುತ್ತಿದ್ದರಾ? ಅಪ್ಪ ಮುಂದೆ ಬಂದರು. "ತಪ್ದಂಗೆ ಕೊಡ್ತಾ ಇದ್ರು ಕಣಮ್ಮ. ನಾನೇ ಕಂಡಿದ್ದೀನಿ."

ಆ ವಾರ ಅಪ್ಪ ಆ ಊರಿಗೆ ಹೋಗಿಯೇ ಇರಲಿಲ್ಲ. ತೂಬು, ಗದ್ದೆ ಅಂತ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು.

ಕಾನ್‌ಸ್ಟೇಬಲ್ ನನ್ನ ಕಡೆ ತಿರುಗಿದರು. "ಏನಮ್ಮ, ಕಿವಿ ಹತ್ರ ಊದಿದೆ. ನೀನೂ ಕೊಟ್ಟಿಗೇಲಿ ಜಾರಿದ್ಯಾ?"

ಅಪ್ಪನ ಕೈ ನನ್ನ ಹೆಗಲ ಮೇಲೆ ಬಂತು. ಭಾರವಾಗಿ. ನಾನು ತಲೆಯಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಾಗದ ಹಾಗೆ.

"ಮನಸ್ಸು ಬದಲಾದ್ರೆ ಕೆಳಗಿರ್ತೀನಿ. ಶಿಫ್ಟು ಬೆಳಗ್ಗೆ ಏಳರಿಂದ."

ಅವರು ಹೋದ ಮೇಲೆ ಅಕ್ಕನನ್ನು ಕೇಳಿದೆ. ಮೊದಲ ಸಲ ಕೇಳಿದೆ. ಯಾಕೆ ಸುಳ್ಳು ಹೇಳಿದೆ?

"ಅವನ್ನ ಒಳಗಾಕುದ್ರೆ ಅತ್ತೆ ಕೂಸ್ನ ಕಿತ್ಕತಳೆ. ಕೂಸು ಎಲ್ಲಿರ್ತದೋ ನಾನಲ್ಲೇ ಇರ್ಬೇಕು ಕಣೆ. ಒಡ್ಸ್ಕಂಡಾದ್ರೂ ಒಂದ್ ಮಾತ್ರೆ ಕೊಡಬೋದು."

ಜೂನ್ 29, ಭಾನುವಾರ

ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ನ್ಯಾಯ. ಅತ್ತೆಯ ಊರಿನ ಯಜಮಾನ ಚಾಮಯ್ಯ, ಭಾವ, ಅತ್ತೆ, ಅಪ್ಪ, ಅಮ್ಮ. ನಾನು ಫ್ಲಾಸ್ಕು ಹಿಡಿದು ನಿಂತಿದ್ದೆ.

ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಗಳವಾರ ಡಿಸ್ಚಾರ್ಜ್. ಮಗು ತಂದೆಯ ಮನೆಯದು, ಅಲ್ಲಿಗೇ ಹೋಗಬೇಕು. ಅಕ್ಕ ಬಂದರೆ ಬರಲಿ, ಬರದಿದ್ದರೆ ಇಲ್ಲ. ರವಿ ಇನ್ನು ಮೇಲೆ ಕೈ ಎತ್ತುವುದಿಲ್ಲ ಅಂತ ಚಾಮಯ್ಯನ ಮುಂದೆ ಮಾತು ಕೊಟ್ಟ.

"ಮಾತ್ರೆ?" ಅಂದಳು ಅಮ್ಮ. ಅವಳು ಆಡಿದ್ದು ಅದೊಂದೇ.

"ನೋಡವ ತಗೊ" ಅಂದ ಭಾವ. "ಸ್ವಲ್ಪ ಏರ್ಲಿ, ಸ್ವಲ್ಪ ಕೊಡವ. ಅರ್ಧ ಅರ್ಧ."

ಎಲ್ಲರೂ ಅದು ನ್ಯಾಯವೇ ಅನ್ನುವ ಹಾಗೆ ತಲೆಯಾಡಿಸಿದರು. ಗದ್ದೆ ಪಾಲು ಮಾಡುವ ಹಾಗೆ.

ನನ್ನ ಬಾಯಿಂದ ಬಂತು. "ಅರ್ಧ ಕೊಟ್ಟರೆ ಸಾಯ್ತಾಳೆ. ಭಾವ ಸಾಯಿಸ್ತಾರೆ. ಮಾತ್ರೆ ಎಸೆದದ್ದು ನಾನು ನೋಡಿದ್ದೀನಿ. ಅಪ್ಪ, ನಿಮಗೂ ಗೊತ್ತು."

ಅಪ್ಪ ಎದ್ದು ಬಂದರು. ಕಾಲಿನ ಚಪ್ಪಲಿ ತೆಗೆದದ್ದು ಕಾಣಿಸಲಿಲ್ಲ. ಮೊದಲ ಏಟಿಗೆ ಫ್ಲಾಸ್ಕು ಬಿತ್ತು. ಬಾಯಿಗೆ, ಕೆನ್ನೆಗೆ, ಮತ್ತೆ ಬಾಯಿಗೆ. ಚಪ್ಪಲಿಗೆ ನಾಲೆಯ ಮಣ್ಣು ಒಣಗಿ ಅಂಟಿತ್ತು. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. "ನನ್ ಅಕ್ಕನ್ ಅಟ್ಟಿ ಮುರೀತೀಯಾ" ಅನ್ನುತ್ತಿದ್ದರು, ಪ್ರತಿ ಏಟಿಗೂ. ಕೂಗುತ್ತಿರಲಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು.

ಭಾವನೇ ಬಂದು ಬಿಡಿಸಿದ. "ಬುಡಿ ಮಾವ, ಸಣ್ಣೋಳು."

ಇದುವರೆಗೂ ಅಪ್ಪ ನನ್ನನ್ನು ಹೊಡೆದವರಲ್ಲ.

ಜುಲೈ 1, ಮಂಗಳವಾರ. ಬೆಳಗ್ಗೆ ಏಳೂಕಾಲು

ತುಟಿ ಊದಿಕೊಂಡು ಕಾಫಿ ಕುಡಿಯಲು ಆಗುತ್ತಿಲ್ಲ. ಚುಕ್ಕಿ ಎದ್ದು ತನ್ನ ಪಾದ ತಾನೇ ಹಿಡಿದುಕೊಂಡು ಆಡುತ್ತಿದೆ. ಹಿಮ್ಮಡಿ ತುಂಬ ಸೂಜಿಯ ಗುರುತು.

ಹನ್ನೊಂದಕ್ಕೆ ಭಾವ ಕಾರು ತರುತ್ತಾನೆ. ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಮಲಗಿದ್ದಾರೆ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದಾರೆ. ಅಕ್ಕ ಒಂದು ಕೈಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ. ಮಗುವಿನ ಲಂಗೋಟಿಗಳ ನಡುವೆ ಮಾತ್ರೆಯ ಒಂದು ಪಟ್ಟಿ ಬಚ್ಚಿಡುತ್ತಿದ್ದಾಳೆ. ನನಗೆ ಕಾಣುತ್ತಿದೆ. ಅವಳಿಗೂ ಗೊತ್ತು, ಅದು ಎರಡು ವಾರಕ್ಕೂ ಸಾಲದು.

ನಿನ್ನೆ ಮೇಡಂ ಹೇಳಿದರು, ತಂದೆ ಕರೆದುಕೊಂಡು ಹೋಗುತ್ತೇನೆ ಅಂದರೆ ನಾನು ತಡೆಯಲಾರೆ, ಯಾರಾದರೂ ಕಂಡವರು ಹೇಳಬೇಕು. ಹೇಳಿದರೆ ಡಿಸ್ಚಾರ್ಜ್ ನಿಲ್ಲಿಸುತ್ತೇನೆ, ಮಗುವನ್ನು ತಾಯಿಯ ಹತ್ತಿರವೇ ಉಳಿಸಲು ಮಕ್ಕಳ ಕಲ್ಯಾಣ ಸಮಿತಿಯವರಿಗೆ ನಾನೇ ಬರೆಯುತ್ತೇನೆ. ನನ್ನ ಮುಖ ನೋಡಿಕೊಂಡೇ ಹೇಳಿದರು. ತುಟಿಯ ಬಗ್ಗೆ ಕೇಳಲಿಲ್ಲ.

ಹೊರಡುವ ಮುಂಚೆ ಇನ್ನೊಂದು ಹದಿನೇಳು. ಮಾತ್ರೆಗೆ ಮುಂಚೆ, ಕೆಳಗೆ ಲ್ಯಾಬಿನಲ್ಲಿ. ಅಕ್ಕನಿಗೆ ಎತ್ತಲಾಗದು. ಎತ್ತಿಕೊಂಡು ಹೋಗುವವಳು ನಾನು.

ರಕ್ತ ಕೊಟ್ಟ ಮೇಲೆ ಮಾತ್ರೆ ಅಲ್ಲೇ ಕೊಡುತ್ತೇನೆ. ಸಿರಿಂಜು ಚೀಲದಲ್ಲಿದೆ. ಆಮೇಲೆ ಮೇಲಕ್ಕೆ ಬರುವುದಿಲ್ಲ. ಪಕ್ಕದ ಔಟ್‌ಪೋಸ್ಟಿನ ಬಾಗಿಲಿಗೆ ಹೋಗುತ್ತೇನೆ.

ಅಕ್ಕನಿಗೆ ಹೇಳಿಲ್ಲ. ಹೇಳಿದರೆ ತಡೆಯುತ್ತಾಳೆ.

ರಾತ್ರಿಯಿಂದ ವಾಕ್ಯಗಳನ್ನು ಜೋಡಿಸಿ ಕೆಡವಿದೆ. ಉಳಿದದ್ದು ಇಷ್ಟು. ಮಾತ್ರೆ ಎಸೆದದ್ದು ನೋಡಿದೆ. ಸನಿಕೆಯಿಂದ ಹೊಡೆದದ್ದು ನೋಡಿದೆ. ಮೂರು ದಿನ ಮಾತ್ರೆ ಕೊಡಲಿಲ್ಲ. ಗುರುವಾರ ನೀವು ಕೇಳಿದಾಗ ನಾನು ಹೇಳಲಿಲ್ಲ.

ಮೊದಲು ಹೆಸರು ಕೇಳುತ್ತಾರೆ. ತೇಜಸ್ವಿನಿ. ಆಮೇಲೆ ತಂದೆಯ ಹೆಸರು. ಅದನ್ನೂ ಹೇಳುತ್ತೇನೆ. ಆ ತಂದೆ ಗುರುವಾರ ಏನು ಹೇಳಿದರು, ಅದು ಯಾಕೆ ಸುಳ್ಳು ಅನ್ನುವುದನ್ನೂ.

ಸಿಸ್ಟರ್ ಕೂಗುತ್ತಿದ್ದಾರೆ. ಬೆಂಚಿನಿಂದ ಅಪ್ಪ ಎದ್ದು ಕೂತರು, ಎಲ್ಲಿಗೆ ಅಂತ ಕೇಳುತ್ತಿದ್ದಾರೆ. ರಕ್ತಕ್ಕೆ ಅಂದೆ. ನಾನೂ ಬರಲಾ ಅಂದರು. ಬೇಡ ಅಂದೆ. ಪುಸ್ತಕ ಮುಚ್ಚಿ ಚುಕ್ಕಿಯನ್ನು ಎತ್ತಿಕೊಳ್ಳುತ್ತೇನೆ.